ಕೋವಿಯ ತುದಿಯ ಮಣಿ

“ಬುದ್ಧಿ, ನಾನು ಶ್ರೀಶೈಲಕ್ಕೆ ಹೊರಟುಹೋಗಲೇ?” ಎಂದು ಪರ್ವತಯ್ಯ ಕೇಳಿದ.

ಮಧ್ಯಾಹ್ನದ ದಾಸೋಹ ಆಗಷ್ಟೇ ಮುಗಿದಿತ್ತು. ಪರ್ವತಯ್ಯ ನಮ್ಮ ಮಠದಲ್ಲಿ ಬಡಿಸುವ ಸೇವೆಯವನು. ಮೀಸೆ ಮೂಡುವ ಮೊದಲೇ ಬಂದವನು. ಈಗ ತಲೆಯೆಲ್ಲ ಬೆಳ್ಳಗಾಗಿದೆ. ಬಂದಂದಿನಿಂದ ಸೌಟು ಅವನ ಕೈ ಬಿಟ್ಟಿಲ್ಲ. ಈ ಪ್ರಶ್ನೆ ಕೇಳಲು ಬಂದಾಗಲೂ ಅದು ಕೈಯಲ್ಲೇ ಇತ್ತು.

ಗುರುಗಳು ಜಗಲಿಯ ಮೇಲೆ ಕುಳಿತಿದ್ದರು. ಮಾಗಿಯ ಚಳಿ. ಕಾವಿಯ ಮೇಲೆ ಕರಿಯ ಕಂಬಳಿ ಹೊದ್ದಿದ್ದರು.

“ಮೊದಲು ಆ ಸೌಟು ಕೆಳಗಿಡಪ್ಪ. ಅದನ್ನು ಹಿಡಿದುಕೊಂಡು ಹೋದರೆ ಮಲ್ಲಯ್ಯ ನಿನ್ನನ್ನು ಅಲ್ಲಿಯೂ ಬಡಿಸಲು ನಿಲ್ಲಿಸಿಬಿಟ್ಟಾನು” ಎಂದರು.

ಸುತ್ತ ಕುಳಿತಿದ್ದ ನಾವು ನಕ್ಕೆವು. ಪರ್ವತಯ್ಯ ನಗಲಿಲ್ಲ. ಸೌಟನ್ನು ಮೆಲ್ಲಗೆ ಕೆಳಗಿಟ್ಟ.

“ಬುದ್ಧಿಯವರ ಪ್ರಸಾದ ಇನ್ನೂ ಆಗಿಲ್ಲವೇನೋ. ಮೊದಲು ತಂದುಬಿಡಲೇ?”

“ನನ್ನದು ಆಯಿತು. ನೀನು ಹೇಳು.”

ಯಾರೋ ಒಳಗೆ ಒಯ್ದು ಕೊಟ್ಟಿರಬೇಕೆಂದು ಪರ್ವತಯ್ಯ ಅಂದುಕೊಂಡ. ಮನಸ್ಸಿನಲ್ಲಿದ್ದುದನ್ನು ಹೇಳಿದ.

“ವಯಸ್ಸಾಯಿತು ಬುದ್ಧಿ. ಕಣ್ಣು ಮುಚ್ಚಿದರೆ ಶ್ರೀಶೈಲದ ಶಿಖರ ಕಾಣುತ್ತದೆ. ಮೊದಲು ಹೀಗೆ ಕಾಣುತ್ತಿರಲಿಲ್ಲ. ಈಗ ಎದುರಿಗೇ ಇದ್ದಂತೆ ಅಷ್ಟು ನಿಚ್ಚಳ. ಕಣ್ಣು ತೆರೆದರೆ ಇಲ್ಲಿಯದೆಲ್ಲ ಹೊಗೆ ಕವಿದಂತೆ. ಅನ್ನ ಬಡಿಸುತ್ತೇನೆ, ಮನಸ್ಸು ಅಲ್ಲಿರುವುದಿಲ್ಲ. ಉಳಿದಿರುವ ನಾಲ್ಕು ದಿನ ಅವನ ಹತ್ತಿರ ಕಳೆಯೋಣವೆಂದು ಆಸೆ.”

ಗುರುಗಳು ಅವನತ್ತ ತಿರುಗಿ ಕುಳಿತರು.

“ಹೋಗುವೆನೆಂದರೆ ನಾನು ತಡೆಯುವುದಿಲ್ಲ. ಬುತ್ತಿ ಕಟ್ಟಿಸಿ ಕಳಿಸುತ್ತೇನೆ. ಆದರೆ ಒಂದು ಕತೆ ಕೇಳಿ ಹೋಗು” ಎಂದು ಹೇಳತೊಡಗಿದರು:

ಕೊಡಗಿನ ಒಂದು ಊರಿನಲ್ಲಿ ಒಬ್ಬ ಕೋವಿಗಾರನಿದ್ದ.

ಅಲ್ಲಿಯವರಿಗೆ ಕೋವಿಯೆಂದರೆ ಮನೆಯ ಮಗನ ಹಾಗೆ. ಗದ್ದೆಯ ನಾಟಿ ಶುರುವಾದರೆ ಅದನ್ನು ದೇವರ ಕೋಣೆಯಲ್ಲಿಟ್ಟುಬಿಡುತ್ತಾರೆ. ನಾಟಿ ಮುಗಿಯುವವರೆಗೆ ಯಾರೂ ಮುಟ್ಟುವುದಿಲ್ಲ. ಮುಗಿದ ಮೇಲೆ ಕೈಲ್ ಮುಹೂರ್ತದ ಹಬ್ಬ ಬರುತ್ತದೆ. ಅಂದು ಕೋವಿಯನ್ನು ಹೊರಗೆ ತಂದು, ಒರೆಸಿ, ಹೂವಿಟ್ಟು ಪೂಜಿಸುತ್ತಾರೆ. ಮಧ್ಯಾಹ್ನ ಊರ ಬಯಲಿನಲ್ಲಿ ಎತ್ತರದ ಮರಕ್ಕೆ ತೆಂಗಿನಕಾಯಿ ಕಟ್ಟಿ ಗುಂಡು ಹೊಡೆಯುತ್ತಾರೆ.

ಆ ಊರಿನಲ್ಲಿ ಮೊದಲ ಗುಂಡು ಹಿರಿಯನದು. ಹಿರಿಯನ ಗುಂಡಿಗೆ ಕಾಯಿ ಒಡೆದು ನೀರು ಚೆಲ್ಲಿದರೆ ಊರಿಗೆ ಒಳ್ಳೆಯದೆಂದು ನಂಬಿಕೆ. ಈ ಕೋವಿಗಾರ ಬಹಳ ವರ್ಷ ಆ ನೀರು ಚೆಲ್ಲಿಸಿದ.

ಒಂದು ವರ್ಷ ಗುಂಡು ತಪ್ಪಿತು. ಅವನು ಕೋವಿಯನ್ನು ಬೈದ. ಪೇಟೆಗೆ ಒಯ್ದು ನಳಿಗೆ ನೋಡಿಸಿದ. ನಳಿಗೆ ನೆಟ್ಟಗಿತ್ತು. ಮರುವರ್ಷವೂ ತಪ್ಪಿತು. ಆಗ ಮದ್ದನ್ನು ಬೈದ.

ಊರಿನ ಯುವಕರು ಒಳ್ಳೆಯವರು. ಯಾರೂ ಅವನನ್ನು ಹಂಗಿಸಲಿಲ್ಲ. ಒಬ್ಬ ಪ್ರೀತಿಯಿಂದಲೇ ಹೇಳಿದ: “ಮುಂದಿನ ವರ್ಷ ಅಜ್ಜನಿಗೆ ಕೆಳಗಿನ ಕೊಂಬೆಗೆ ಕಾಯಿ ಕಟ್ಟೋಣ. ಅವರು ಹೊಡೆದ ಮೇಲೆ ನಮ್ಮದನ್ನು ಮೇಲಿನ ಕೊಂಬೆಗೆ ಕಟ್ಟಿದರಾಯಿತು.”

ಅಂದು ಹಬ್ಬದ ಊಟ ಅವನಿಗೆ ಸೇರಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಪ್ರೀತಿಗೆ ಏನು ಹೇಳುವುದು? ಅವನು ಎಲ್ಲರ ಮುಂದೆ ಎದ್ದು ನಿಂತು ಹೇಳಿದ: “ಮುಂದಿನ ವರ್ಷವೂ ಮೇಲಿನ ಕೊಂಬೆಗೇ ಕಟ್ಟಿ. ತಪ್ಪಿದರೆ ಆಮೇಲೆ ನಾನು ಕೋವಿಯನ್ನು ಪೂಜೆಗೆ ಮಾತ್ರ ಮುಟ್ಟುತ್ತೇನೆ.”

ಆಡಿದ ಮಾತು ಆಡಿಯಾಯಿತು. ನಾಟಿಯ ಕಾಲ ಬಂತು, ಕೋವಿ ದೇವರ ಕೋಣೆ ಸೇರಿತು. ಹಬ್ಬದವರೆಗೆ ಗುರಿ ನೋಡಿ ಅಭ್ಯಾಸ ಮಾಡುವಂತಿಲ್ಲ.

ಅವನು ಪೇಟೆಯ ಕಣ್ಣಿನ ಡಾಕ್ಟರ ಬಳಿಗೆ ಹೋದ.

“ಏನು ಕಾಣುವುದಿಲ್ಲ, ಹೇಳಿ” ಎಂದು ಡಾಕ್ಟರು ಕೇಳಿದರು.

“ಮರದ ಮೇಲಿನ ತೆಂಗಿನಕಾಯಿ.”

“ಕಾಣುವುದೇ ಇಲ್ಲವೇ?”

“ಕಾಣುತ್ತದೆ. ಇನ್ನೂ ಚೆನ್ನಾಗಿ ಕಾಣಬೇಕು.”

“ಹತ್ತಿರದ್ದು? ಓದುವುದಕ್ಕೆ ಕನ್ನಡಕ ಬೇಡವೇ?”

“ನಾನು ಓದುವವನಲ್ಲ ಡಾಕ್ಟರೇ, ಗುಂಡು ಹೊಡೆಯುವವನು. ಕಾಯಿ ದೂರದಲ್ಲಿರುತ್ತದೆ. ದೂರದ್ದು ಕೊಡಿ.”

ಕೇಳಿದ್ದನ್ನು ಡಾಕ್ಟರು ಕೊಟ್ಟರು.

ಮನೆಗೆ ಬಂದವನು ಒಂದು ಉಪಾಯ ಮಾಡಿದ. ಕೋವಿಯಷ್ಟೇ ಉದ್ದದ ಒಂದು ಬಿದಿರು ಕೋಲು ಕಡಿದ. ಕೋವಿಯ ನಳಿಗೆಯ ಬುಡದಲ್ಲಿ ಒಂದು ಸಣ್ಣ ಕಚ್ಚು ಇರುತ್ತದೆ, ತುದಿಯಲ್ಲಿ ಒಂದು ಮಣಿ. ಕಚ್ಚಿನ ನಡುವೆ ಮಣಿ ಕೂರಬೇಕು, ಮಣಿಯ ಮೇಲೆ ಗುರಿ ಕೂರಬೇಕು. ಅವನು ಕೋಲಿನ ಬುಡದಲ್ಲಿ ಕತ್ತಿಯಿಂದ ಕಚ್ಚು ಮಾಡಿ, ತುದಿಗೆ ಮೇಣ ಹಚ್ಚಿ ಒಂದು ಕರಿಮೆಣಸಿನ ಕಾಳು ಅಂಟಿಸಿದ. ಜಗಲಿಯಲ್ಲಿ ನಿಂತು ಹಿತ್ತಿಲ ಪಪ್ಪಾಯಿಯ ಕಾಯಿಗೆ ಗುರಿ ಹಿಡಿದ.

ಹೊಸ ಕನ್ನಡಕದಲ್ಲಿ ಪಪ್ಪಾಯಿಯ ಮೇಲಿನ ಗೀರು ಕೂಡ ಕಾಣುತ್ತಿತ್ತು. ಮೆಣಸಿನ ಕಾಳು ಮಾತ್ರ ಒಂದು ಕರಿಯ ಹೊಗೆಯಾಗಿತ್ತು. ಅವನು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಹೊಡೆಯಬೇಕಾದ್ದು ಕಾಯಿಯನ್ನು, ಮೆಣಸನ್ನಲ್ಲವಲ್ಲ! ಕಾಯಿಯನ್ನು ಕಣ್ಣು ಕೀಲಿಸಿ ನೋಡಿದ. ನೋಡಿದಷ್ಟೂ ಕೋಲಿನ ತುದಿ ಎತ್ತಲೋ ಜಾರುತ್ತಿತ್ತು. ಜಾರಿದ್ದು ಅವನಿಗೆ ತಿಳಿಯುತ್ತಲೂ ಇರಲಿಲ್ಲ. ಕೋಲನ್ನು ಹಾಗೆಯೇ ಜಗಲಿಯ ಕಂಬಕ್ಕೆ ಒತ್ತಿ ಹಿಡಿದು ಪಕ್ಕಕ್ಕೆ ಬಾಗಿ ನೋಡಿದರೆ, ಅದು ಪಪ್ಪಾಯಿ ಬಿಟ್ಟು ಪಕ್ಕದ ಬಾಳೆಯ ಗೊನೆಯನ್ನು ತೋರಿಸುತ್ತಿತ್ತು.

ಮರುದಿನ ಹೆಂಡತಿ ವೀಳ್ಯದೆಲೆ ಹಿಡಿದು ಹುಡುಕುತ್ತಿದ್ದಳು.

“ನನ್ನ ಸುಣ್ಣದ ಡಬ್ಬಿ ಎಲ್ಲಿ?”

ಅವಳು ಜಗಲಿಗೆ ಬಂದು ನೋಡಿದಳು. ಮೆಣಸಿನ ಕಾಳಿಗೆ ಸುಣ್ಣ ಬಳಿದಿತ್ತು.

“ಗಂಡಸರು ಮುದುಕರಾದರೆ ಮೆಣಸಿಗೂ ಮದುವೆ ಮಾಡುತ್ತಾರೇನೋ” ಎಂದಳು.

“ನಗಬೇಡ ಇವಳೇ. ಕಾಳು ಕಾಣುವುದಿಲ್ಲ. ಬೆಳ್ಳಗಾದರೆ ಕಂಡೀತೆಂದು ನೋಡಿದೆ.”

“ಕಂಡಿತೇ?”

“ಕರಿಯ ಹೊಗೆಯಿತ್ತು, ಈಗ ಬಿಳಿಯ ಹೊಗೆಯಾಗಿದೆ.”

ಅವಳ ನಗು ನಿಂತಿತು. ಎಲ್ಲರ ಮುಂದೆ ಅವನು ಆಡಿದ ಮಾತು ಅವಳಿಗೂ ನೆನಪಿತ್ತು. ಒಳಗೆ ಹೋಗಿ ದೇವರ ಗೂಡಿನ ಹಿಂದೆ ಕೈಯಾಡಿಸಿ ಒಂದು ಹಳೆಯ ಕನ್ನಡಕ ತಂದಳು. ಒಂದು ಕಡ್ಡಿ ಮುರಿದು ದಾರ ಕಟ್ಟಿತ್ತು.

“ಇದು ನನಗೆ ಚಾಳೀಸು ಬಂದ ಹೊಸದರಲ್ಲಿ ಮಾಡಿಸಿದ್ದು. ಆಗ ಸ್ವಲ್ಪವೇ ಮಸುಕಿತ್ತು. ಈಗ ಇದರಲ್ಲಿ ಅಕ್ಕಿಯ ಕಲ್ಲು ಕಾಣುವುದಿಲ್ಲ. ಮೊರ ಮಡಿಲಲ್ಲಿರುತ್ತದೆ, ನಿಮ್ಮ ಕಾಳು ಅದಕ್ಕಿಂತ ಆಚೆ ಇದೆ. ನಿಮಗೆ ಇದು ಸಾಕಾಗಬಹುದು. ಹಾಕಿಕೊಳ್ಳಿ.”

“ಹೆಂಗಸರ ಕನ್ನಡಕ!”

“ಮೆಣಸಿಗೆ ಗೊತ್ತಾಗುವುದಿಲ್ಲ. ಹಾಕಿಕೊಳ್ಳಿ.”

ಅವನು ಸುಣ್ಣ ಒರೆಸಿ, ಹಾಕಿಕೊಂಡು, ಕೋಲು ಎತ್ತಿದ. ಮೆಣಸಿನ ಕಾಳಿನ ಸುಕ್ಕು ಸುಕ್ಕು ಕೂಡ ಕಂಡಿತು. ಮರುಕ್ಷಣ ಅವನು ಬೆಚ್ಚಿ ಕೋಲು ಇಳಿಸಿದ.

“ಅಯ್ಯೋ, ಪಪ್ಪಾಯಿ ಹೋಯಿತು! ಬರೀ ಹಸಿರು ಮೋಡ!”

“ಪೂರ್ತಿ ಹೋಯಿತೇ?”

“ಇದೆ. ಆದರೆ ಅಂಚಿಲ್ಲ. ಮಂಜಿನಲ್ಲಿ ನಿಂತಂತಿದೆ. ಗುರಿಯೇ ಮಸುಕಾದರೆ ಹೊಡೆಯುವುದು ಯಾವುದಕ್ಕೆ?”

ಅವಳು ಮೊರ ತೆಗೆದುಕೊಂಡು ಅವನ ಪಕ್ಕದಲ್ಲಿ ಕುಳಿತಳು. ಅಕ್ಕಿ ಕೇರುತ್ತಲೇ ಹೇಳಿದಳು.

“ಕಾಯಿಯನ್ನು ಮರಕ್ಕೆ ಕಟ್ಟಿರುತ್ತಾರಲ್ಲ, ಅದು ಎಲ್ಲಿಗೂ ಹೋಗುವುದಿಲ್ಲ. ಮಸುಕಾಗಿ ಕಂಡರೂ ಅಲ್ಲೇ ಇರುತ್ತದೆ. ಎತ್ತಲೋ ಹೋಗುವುದು ನಿಮ್ಮ ಕೈಯಲ್ಲಿರುವ ಕೋಲು. ಅದನ್ನು ನೋಡಿಕೊಳ್ಳಿ.”

ಅವನು ಮತ್ತೆ ಕೋಲು ಎತ್ತಿದ. ಕಣ್ಣು ತಾನಾಗಿ ಕಾಯಿಯತ್ತ ಓಡಿತು. ಎಳೆದು ಕಾಳಿನ ಮೇಲೆ ಕೂರಿಸಿದ. ಮತ್ತೆ ಓಡಿತು, ಮತ್ತೆ ಎಳೆದ. ಬಹಳ ವರ್ಷದ ರೂಢಿ, ಸುಲಭವಾಗಿ ಬಿಡಲಿಲ್ಲ. ಹಬ್ಬದವರೆಗೆ ಅವಳು ಅಕ್ಕಿ ಆರಿಸುವ ಹೊತ್ತಿಗೆಲ್ಲ ಅವನು ಅವಳ ಪಕ್ಕದಲ್ಲಿ ನಿಂತು ಮೆಣಸಿನ ಕಾಳು ನೋಡಿದ.

ಹಬ್ಬ ಬಂತು. ಕೋವಿಗೆ ಹೂವಿಟ್ಟು, ದೀಪಕ್ಕೆ ಕೈಮುಗಿದು, ಬಯಲಿಗೆ ಹೋದರು. ಕಾಯಿ ಮೇಲಿನ ಕೊಂಬೆಯಲ್ಲಿತ್ತು. ಅವನು ಅಂಗಿಯ ಜೇಬಿನಿಂದ ದಾರ ಕಟ್ಟಿದ ಕನ್ನಡಕ ತೆಗೆದ. ಯುವಕರ ನಡುವೆ ನಗು ಹರಿಯಿತು.

“ಅಜ್ಜ, ಅಜ್ಜಿಯ ಕನ್ನಡಕ ತಂದುಬಿಟ್ಟಿದ್ದೀರಲ್ಲ!”

“ಹೌದು ಮಕ್ಕಳೇ. ಇಷ್ಟು ವರ್ಷ ಕಲ್ಲಿಲ್ಲದ ಅನ್ನ ಉಂಡಿದ್ದು ಅವಳ ಕಣ್ಣಿನಿಂದಲೇ. ಇವತ್ತು ಗುಂಡನ್ನೂ ಅದೇ ಕಣ್ಣಿನಿಂದ ಹೊಡೆದು ನೋಡುತ್ತೇನೆ.”

ಮೊದಲು ಬರಿಗಣ್ಣಿನಲ್ಲಿ ಮರವನ್ನು ನೋಡಿದ. ಕಾಯಿ ಎಲ್ಲಿದೆ, ಅದರ ಆಚೆ ಯಾರೂ ಇಲ್ಲ ತಾನೇ ಎಂದು ಚೆನ್ನಾಗಿ ನೋಡಿಕೊಂಡ. ಆಮೇಲೆ ಕನ್ನಡಕ ಹಾಕಿಕೊಂಡ. ಮರ ಮಂಜಾಯಿತು. ಮಣಿ ತಿಳಿಯಾಗಿ ಎದ್ದು ನಿಂತಿತು.

ಒಂದು ಸಲ ಅವನ ಪ್ರಾಣವೆಲ್ಲ ಕಾಯಿಯತ್ತ ಎಳೆಯಿತು. ಈಗಲೊಮ್ಮೆ ನೋಡಿಬಿಡೋಣ, ಅಲ್ಲೇ ಇದೆಯೋ ಇಲ್ಲವೋ ಎಂದು. ಅವನು ನೋಡಲಿಲ್ಲ. ಅಲ್ಲೇ ಇದೆಯೆಂದು ನಂಬಿದ. ಮಣಿಯನ್ನು ಕಚ್ಚಿನ ನಡುವೆ ಕೂರಿಸಿ, ಮಂಜಿನಲ್ಲಿದ್ದ ಕಾಯಿಯ ಛಾಯೆಗೆ ನೇರ ಮಾಡಿ, ಉಸಿರು ಹಿಡಿದು, ಬೆರಳಿನಿಂದ ಕೋವಿಯ ಕುದುರೆ ಎಳೆದ.

ಹೊಗೆ ಎದ್ದಿತು. ಏನಾಯಿತೆಂದು ಅವನಿಗೆ ಕಾಣಲಿಲ್ಲ. ಎದುರಿಗೆ ಮೊದಲಿನಂತೆಯೇ ಮಂಜು. ಅವನು ಕೋವಿ ಇಳಿಸಿ ಹೆಂಡತಿಯಿದ್ದ ದಿಕ್ಕಿಗೆ ತಿರುಗಿ ಕೇಳಿದ: “ಏನಾಯಿತು?”

ಅವಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. “ನೀರು ಚೆಲ್ಲಿತು” ಎಂದಳು.

ಗುರುಗಳು ಇಲ್ಲಿಗೆ ಕತೆ ಮುಗಿಸಿದರು.

ಕತೆ ನಮಗೆಲ್ಲ ಹಿತವಾಗಿತ್ತು. ಆ ಅಜ್ಜಿಯ ಮೊರದ ಸದ್ದು ಇನ್ನೂ ಕಿವಿಯಲ್ಲಿತ್ತು. ಆದರೆ ಪರ್ವತಯ್ಯನ ಹುಬ್ಬು ಗಂಟಿಕ್ಕಿತ್ತು. ಅವನು ಸುಳ್ಳು ಸಮಾಧಾನ ಪಡುವವನಲ್ಲ. ಅದಕ್ಕೇ ಗುರುಗಳಿಗೆ ಅವನೆಂದರೆ ಪ್ರೀತಿ.

“ಬುದ್ಧಿ, ತಪ್ಪು ತಿಳಿಯಬೇಡಿ. ಅವನಿಗೆ ಮಣಿ ಕಾಣದೆ ತೊಂದರೆಯಾಯಿತು, ಒಪ್ಪಿದೆ. ನನಗೆ ಯಾವ ಮಣಿ ಕಾಣದೆ ಹೋಗಿದೆ? ಬಡಿಸುವ ಕೆಲಸದಲ್ಲಿ ನಾನು ಒಂದು ದಿನವೂ ತಪ್ಪಿಲ್ಲ. ಇವತ್ತೂ ಯಾವ ಎಲೆಗೂ ಅನ್ನ ಕಡಿಮೆಯಾಗಿಲ್ಲ. ಕೊನೆಯ ಎಲೆಯವರಿಗಂತೂ ಕೇಳಿ ಕೇಳಿ ಎರಡನೆಯ ಸಲ ಬಡಿಸಿದ್ದೇನೆ.”

ಗುರುಗಳು ಹೆಗಲ ಮೇಲಿನ ಕಂಬಳಿಯನ್ನು ಬಿಚ್ಚಿ ಪಕ್ಕಕ್ಕಿಟ್ಟರು. ಬಾಗಿ, ನೆಲದ ಮೇಲಿದ್ದ ಸೌಟನ್ನು ಎತ್ತಿ ಅವನ ಕೈಗೆ ಕೊಟ್ಟರು.

“ಹೌದಪ್ಪ, ನೀನು ಹೊಟ್ಟೆ ತುಂಬ ಬಡಿಸಿದೆ, ಕೊನೆಯ ಎಲೆಯ ಮುಂದೆ ಈ ಕಂಬಳಿ ಹೊದ್ದು ಕುಳಿತಿದ್ದವನು ನಾನೇ” ಎಂದರು.