ಯಾರದೋ ಗುಡಿ

ನಮ್ಮ ಬಿಳಿಗುಂಡನಹಳ್ಳಿಯ ಕೆರೆ ಏರಿ ಇಳಿದರೆ ಎಡಕ್ಕೊಂದು ಕಲ್ಲುಗುಡಿ ಸಿಗುತ್ತದೆ. ಒಳಗೆ ಪೀಠವಿದೆ, ದೇವರಿಲ್ಲ. ಬಾಗಿಲ ಮೇಲಿನ ಮೂರ್ತಿ ಸವೆದುಹೋಗಿ, ಗಣಪನೆಂದರೆ ಗಣಪ, ಜಿನನೆಂದರೆ ಜಿನ. ಯಾರು ಕಟ್ಟಿಸಿದರು, ಯಾವ ದೇವರಿಗೆ ಕಟ್ಟಿಸಿದರು ಎಂದು ನನ್ನನ್ನು ಕೇಳಬೇಡಿ. ಹುಟ್ಟಿದಾಗಿನಿಂದ ಇದರ ಮುಂದೆಯೇ ಓಡಾಡಿದ ನನಗೂ ತಲೆಬುಡ ತಿಳಿದಿಲ್ಲ. ಬಲ್ಲವರೆಂದು ಬಂದವರು ಒಬ್ಬೊಬ್ಬರು ಒಂದೊಂದು ಹೇಳಿ, ಇದ್ದ ಗೊಂದಲವನ್ನು ಹೆಚ್ಚಿಸಿಯೇ ಹೋದರು. ಊರವರ ಬಾಯಲ್ಲಿ ಮಾತ್ರ ಇದಕ್ಕೆ ಒಂದೇ ಹೆಸರು, ಯಾರದೋ ಗುಡಿ.

ಹಿಂದೆ ಒಮ್ಮೆ ಈ ಸೀಮೆಯ ಪಾಳೆಯಗಾರನು ತನ್ನ ಕೋಟೆಯನ್ನು ಎತ್ತರಿಸಲು ಹೊರಟನಂತೆ. ಕಲ್ಲು ಸಾಲದೆ, ಒಡೆಯರಿಲ್ಲದ ಕಟ್ಟಡಗಳನ್ನೆಲ್ಲ ಬಿಚ್ಚಿ ತರಲು ಅಪ್ಪಣೆಯಾಯಿತು. ಅವನ ಪಾರುಪತ್ಯಗಾರ ಮುದ್ದರಸಯ್ಯನು ಕಲ್ಲುಕುಟಿಗರೊಡನೆ ಬಂದು ಗುಡಿಯ ಮುಂದೆ ನಿಂತು, "ಇದು ಯಾರದು?" ಎಂದು ಕೇಳಿದನು. ಗುಡಿ ಉಳಿಯಲೆಂಬ ಆಸೆಯಿಂದ ಊರಿಗೆ ಊರೇ ಬಾಯಿಬಿಟ್ಟಿತು, ಕೆಟ್ಟಿದ್ದೇ ಅಲ್ಲಿ. ಗೌಡರು ತಮ್ಮ ಮುತ್ತಜ್ಜ ಕಟ್ಟಿಸಿದ್ದೆಂದರು. ಜೈನರ ಶೆಟ್ಟರು ಬಸದಿಯೆಂದರು. ಊರ ಪೂಜಾರಿಯು ಶಿವಾಲಯವೆಂದು ಆಣೆಯಿಟ್ಟನು. ಗೌಡರೂ ಶೆಟ್ಟರೂ ಅಲ್ಲೇ ಕೈಕೈ ಮಿಲಾಯಿಸುವ ಹಾಗಾಯಿತಂತೆ. ಅಯ್ಯೋ, ನಮ್ಮೂರಿನ ಬುದ್ಧಿಯೇ ಅಷ್ಟು! ಮುದ್ದರಸಯ್ಯನು ನಕ್ಕು, "ಇಷ್ಟು ಜನ ಒಡೆಯರೆಂದರೆ ಒಡೆಯನೇ ಇಲ್ಲವೆಂದಾಯಿತು. ಹಾಕಿರೋ ಹಾರೆ" ಎಂದನು. ಮೂಡಣ ಮೂಲೆಯ ಕಂಬಕ್ಕೆ ಹಾರೆ ಬಿದ್ದಿತು.

ಆಗ ಅಲ್ಲಿ ದಿನಾ ಕಸ ಗುಡಿಸುತ್ತಿದ್ದ ಹೊನ್ನಜ್ಜಿ ಪೊರಕೆ ಹಿಡಿದೇ ಹೊರಗೆ ಬಂದಳು ಎನ್ನುತ್ತಾರೆ. "ನೀನಾದರೂ ಹೇಳಜ್ಜಿ, ಯಾರದಿದು?" ಎಂದು ಮುದ್ದರಸಯ್ಯನು ಕೇಳಿದರೆ, "ಯಾರದೋ ಏನೋ ಬುದ್ಧಿ, ನಾನೇನು ಬಲ್ಲೆ" ಎಂದಳು. ಊರವರು ಹಣೆ ಚಚ್ಚಿಕೊಂಡರು. ಮುದುಕಿ ಇದ್ದುದನ್ನೂ ಕೆಡಿಸಿದಳಲ್ಲ! ಅಜ್ಜಿ ಕಲ್ಲುಕುಟಿಗರ ಕಡೆ ತಿರುಗಿ, "ಯಾರದೋ ಹಸ ತಪ್ಪಿಸ್ಕೊಂಡು ನಿಮ್ಮ ಹಟ್ಟಿಗೆ ಬಂದ್ರೆ ಏನ್ ಮಾಡ್ತೀರಪ್ಪ? ಕಟ್ಟಿ ಹುಲ್ಲು ಹಾಕ್ತೀರೋ, ಸಂತೆಗೆ ಹೊಡ್ಕೊಂಡು ಹೋಗಿ ಮಾರ್ತೀರೋ? ಇದರ ಒಡೆಯ ಇವತ್ತಲ್ಲ ನಾಳೆ ಬರ್ತಾನೆ. ಯಾರು ಕೆಡವಿದ್ರು ಅಂತ ಹೇಳ್ಲಿ? ಹೆಸರು ಹೇಳಿ ಹೋಗಿ" ಎಂದಳು. ಕಲ್ಲುಕುಟಿಗರು ಹಾರೆ ಕೆಳಗಿಟ್ಟರು. ಅವರ ಹಿರಿಯನು ಪಾರುಪತ್ಯಗಾರನಿಗೆ ಕೈಮುಗಿದು, "ಬುದ್ಧಿ, ತಮ್ಮ ಹೆಸರೇ ಹೇಳೋದಾ?" ಎಂದು ಕೇಳಿದನು. ಮುದ್ದರಸಯ್ಯನು ಬರಿಯ ಪೀಠವನ್ನು ನೋಡಿ ಗಲಿಬಿಲಿಗೊಂಡನು. ಬರುವವನು ಶಿವನೋ, ಜಿನನೋ, ಇನ್ನಾವ ಉಗ್ರದೇವತೆಯೋ. ಯಾರಿಗೆಂದು ತಪ್ಪುಗಾಣಿಕೆ ಕಟ್ಟುವುದು? "ವಿಚಾರಿಸಿ ಬರುತ್ತೇನೆ" ಎಂದು ಕುದುರೆ ಹತ್ತಿದವನು ಇನ್ನೂ ವಿಚಾರಿಸುತ್ತಲೇ ಇದ್ದಾನೆ. ಅಜ್ಜಿಯ ಬಾಯಿಂದ ಬಂದ ಮಾತೇ ಗುಡಿಗೆ ಹೆಸರಾಯಿತು. ಅವಳು ಜಾಣತನದಿಂದ ಹಾಗೆಂದಳೋ, ನಿಜವಾಗಿಯೂ ತಿಳಿದಿರಲಿಲ್ಲವೋ, ಅದೂ ನನಗೆ ಬಗೆಹರಿದಿಲ್ಲ.

ಮೂಡಣ ಕಂಬದ ಬುಡದಲ್ಲಿ ಹಾರೆಯ ಗಾಯ ಇಂದಿಗೂ ಕಾಣುತ್ತದೆ. ಬಾಗಿಲಿಗೆ ಒರಗಿಸಿಟ್ಟ ಪೊರಕೆಯೂ ಕಾಣುತ್ತದೆ; ಸವೆದರೆ ಯಾರೋ ಹೊಸದು ತಂದಿಡುತ್ತಾರೆ, ಯಾರೆಂದು ಕೇಳಿದವರಿಲ್ಲ. ಹೊಸಬರು ಬಂದರೆ ನಾವು ಮೊದಲು ಕೇಳುವುದು, "ಗುಡಿ ನಿಮ್ಮದೇನು ಸ್ವಾಮಿ?" ಎಂದು. ಅವರು ಅಲ್ಲವೆಂದು ತಲೆಯಾಡಿಸುತ್ತಾರೆ. "ನಮ್ಮದೂ ಅಲ್ಲ" ಎಂದು ಪೊರಕೆಯನ್ನು ಅವರ ಕೈಗೆ ಕೊಡುತ್ತೇವೆ.