ಐವತ್ತೆರಡರಲ್ಲಿ ಮೂವತ್ತೆಂಟು

ಸೆಲೆಸ್ತೀನಾ ಟೀಚರು ಧಾರವಾಡದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ಲೆಕ್ಕ ಕಲಿಸುತ್ತಿದ್ದರು. ಅವರ ತರಗತಿಯಲ್ಲಿ ಅಂಕೆಗಳು ಸಾಲಾಗಿ ನಿಲ್ಲಬೇಕು, ಮಕ್ಕಳೂ ಹಾಗೆಯೇ. ಅಂಥ ಟೀಚರಿಗೂ ಆ ಶುಕ್ರವಾರ ಸಾಕುಸಾಕಾಗಿತ್ತು. ನಾಲ್ಕನೆಯ ತರಗತಿಯ ಐವತ್ತಾರು ಪುಸ್ತಕಗಳನ್ನು ತಿದ್ದಿ ಕಣ್ಣು ಉರಿಯುತ್ತಿತ್ತು.

ಕೊನೆಯದು ನೀಲಗಂಗಾಳ ಪುಸ್ತಕ. ಕಳೆಯುವ ಲೆಕ್ಕ ಹತ್ತು, ತಪ್ಪು ಆರು. ಹೋದ ವರ್ಷದಿಂದಲೂ ಇದೇ ಹಾಡು. ಐವತ್ತೆರಡರಲ್ಲಿ ಮೂವತ್ತೆಂಟು ಹೋದರೆ ಹದಿನಾಲ್ಕು. ಇವಳು ಇಪ್ಪತ್ತಾರು ಎಂದು ಬರೆದಿದ್ದಳು, ಅದೂ ಮುತ್ತಿನಂಥ ಅಕ್ಷರದಲ್ಲಿ.

ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಬೆನಡಿಕ್ಟಾ ಬೆಳಿಗ್ಗೆಯೇ ತರಗತಿಗೆ ಬಂದು ಹೇಳಿದ್ದರು: “ಲೆಕ್ಕದಲ್ಲಿ ಹಿಂದೆ ಬಿದ್ದವರ ಹೆಸರು ಇವತ್ತೇ ಕೊಡಿ. ಸೋಮವಾರದಿಂದ ಅವರು ಮೂರನೆಯ ತರಗತಿಯಲ್ಲಿ ಕೂರಲಿ.” ಟೀಚರು ಪಟ್ಟಿಯಲ್ಲಿ ಒಂದೇ ಹೆಸರು ಬರೆದು ನೀಲಗಂಗಾಳನ್ನು ಕರೆದರು.

“ಟೀಚರ್, ಇಕಿ ಲೆಕ್ಕ ಮಾಡೂದಿಲ್ರೀ, ಲಾಟರಿ ಹೊಡೀತಾಳ!” ಎಂದು ಪಕ್ಕದ ಪ್ರಫುಲ್ಲಾ ಕೂಗಿದಳು. ತರಗತಿ ನಕ್ಕಿತು.

ನೀಲಗಂಗಾ ನಗಲಿಲ್ಲ. ಪಟ್ಟಿ ನೋಡಿ ಅವಳ ಮುಖ ಸಣ್ಣದಾಯಿತು. “ಮೂರನೇ ಕ್ಲಾಸಿಗೆ ಕಳಸಬ್ಯಾಡ್ರೀ ಟೀಚರ್. ಅಲ್ಲಿ ನನ್ನ ತಂಗಿ ಅದಾಳ. ಆಕಿ ಬಾಜೂಕ ಹೆಂಗ ಕೂಡ್ಲಿ?”

ಬೇರೆ ದಿನವಾಗಿದ್ದರೆ ಟೀಚರು ಗದರುತ್ತಿದ್ದರು. ಇವತ್ತು ಗದರಲು ತ್ರಾಣವಿರಲಿಲ್ಲ. ಬೇಸತ್ತು ಕೇಳಿದರು, “ಹೋಗಲಿ, ಈ ಇಪ್ಪತ್ತಾರು ನಿನಗೆ ಬಂದದ್ದಾದರೂ ಹೇಗೆ?”

ಇಪ್ಪತ್ತಾರು ವರ್ಷಗಳಲ್ಲಿ ಯಾವ ಮಗುವನ್ನೂ ಅವರು ಹೀಗೆ ಕೇಳಿರಲಿಲ್ಲ.

“ಮ್ಯಾಲೆ ಎರಡು, ಕೆಳಗ ಎಂಟು. ಎಂಟು ದೊಡ್ಡದು. ಎಂಟರಾಗ ಎರಡು ಹೋದ್ರ ಆರು. ಆಮ್ಯಾಲೆ ಐದರಾಗ ಮೂರು ಹೋದ್ರ ಎರಡು. ಇಪ್ಪತ್ತಾರು.”

“ಕೆಳಗಿನದರಲ್ಲಿ ಮೇಲಿನದನ್ನು ಕಳೆ ಎಂದು ಯಾರು ಹೇಳಿದರು?”

“ನೀವ ಹೇಳೀರಲ್ರೀ! ಎರಡನೇ ಕ್ಲಾಸಿನ್ಯಾಗ. ‘ಯಾವಾಗಲೂ ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕು’ ಅಂತ. ಹತ್ತು ಸಲ ಬರಸೀದ್ರಿ.”

“ಮುಂದೆ, ಮೇಲಿನದು ಸಾಲದಿದ್ದರೆ ಪಕ್ಕದಿಂದ ಹತ್ತನ್ನು ಬಿಡಿಸಿಕೊಳ್ಳುವುದನ್ನೂ ಕಲಿಸಿದೆವಲ್ಲ?”

“ದೊಡ್ಡದರಾಗ ಸಣ್ಣದು ಕಳದ್ರ ಹತ್ತು ಬೇಕಾಗೂದ ಇಲ್ಲಲ್ರೀ.”

ಟೀಚರು ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡರು. ತೊಂಬತ್ತರಲ್ಲಿ ಇಪ್ಪತ್ತೇಳು ಹೋದರೆ ಎಪ್ಪತ್ತೇಳು. ಎಪ್ಪತ್ತೊಂದರಲ್ಲಿ ನಲವತ್ತಾರು ಹೋದರೆ ಮೂವತ್ತೈದು. ಆರು ತಪ್ಪುಗಳೂ ಒಂದೇ ನಿಯಮದ ತಪ್ಪು. ಲಾಟರಿ ಒಂದೂ ಇರಲಿಲ್ಲ. ಈ ಹುಡುಗಿ ಟೀಚರ ಮಾತನ್ನು ಎರಡು ವರ್ಷ ಚಾಚೂ ತಪ್ಪದೆ ಪಾಲಿಸಿದ್ದಳು. ಅದಕ್ಕೆ ಟೀಚರು ಎರಡು ವರ್ಷ ಕೆಂಪು ಗೆರೆ ಎಳೆದಿದ್ದರು. ಇವಳಿಗಿಂತ ಮೊದಲು ಇಂಥವರು ಎಷ್ಟು ಜನ ಹೋದರೋ ಎಂದು ನೆನೆದು ಅವರು ಕೆಂಪು ಪೆನ್ನನ್ನು ಕೆಳಗಿಟ್ಟರು.

ಅವರು ಐದು ಚಾಕ್‌ಪೀಸ್ ಪೆಟ್ಟಿಗೆಗಳನ್ನೂ ಎರಡು ಬಿಡಿ ತುಂಡುಗಳನ್ನೂ ಮೇಜಿನ ಮೇಲಿಟ್ಟರು. “ಒಂದೊಂದರಲ್ಲಿ ಹತ್ತು. ಒಟ್ಟು ಐವತ್ತೆರಡು ನಿನ್ನವು. ಈಗ ನನಗೆ ಮೂವತ್ತೆಂಟು ಕೊಡು.”

ನೀಲಗಂಗಾ ಮೂರು ಪೆಟ್ಟಿಗೆ ಕೊಟ್ಟಳು. ಎರಡು ತುಂಡುಗಳನ್ನು ನೋಡಿದಳು. “ಎಂಟಕ್ಕ ಇವು ಸಾಲೂದಿಲ್ರೀ... ಒಂದು ಪೆಟ್ಟಿಗಿ ಒಡೀಲೇನ್ರೀ?”

“ಒಡಿ, ಮಗಳೇ.”

ಎಣಿಸಿ ಕೊಟ್ಟ ಮೇಲೆ ಅವಳ ಬಳಿ ಹದಿನಾಲ್ಕು ಉಳಿದವು.

ಸಂಜೆ ಸಿಸ್ಟರ್ ಬೆನಡಿಕ್ಟಾ ಪಟ್ಟಿ ತೆರೆದರು. ಇದ್ದ ಒಂದು ಹೆಸರಿಗೂ ಕಾಟು ಹೊಡೆದಿತ್ತು.

“ಇದೇನು ಟೀಚರ್, ಯಾರೂ ಹಿಂದೆ ಬಿದ್ದಿಲ್ಲವೆ?”

“ಒಬ್ಬರು ಬಿದ್ದಿದ್ದರು ಸಿಸ್ಟರ್,” ಎಂದರು ಸೆಲೆಸ್ತೀನಾ ಟೀಚರು. “ಆದರೆ ನನ್ನನ್ನು ಯಾವ ತರಗತಿಯಲ್ಲಿ ಕೂರಿಸುತ್ತೀರಿ?”

ನೀತಿ: ತಪ್ಪು ಉತ್ತರದ ಹಿಂದೆಯೂ ಒಂದು ಯೋಚನೆ ಇರುತ್ತದೆ. ಕಲಿಸುವವರು ಗೆರೆ ಎಳೆಯುವ ಮೊದಲು “ಹೇಗೆ ಮಾಡಿದೆ?” ಎಂದು ಕೇಳಬೇಕು; ಎಷ್ಟೋ ಸಲ ತಿದ್ದಬೇಕಾದದ್ದು ಕಲಿಸಿದವರ ಮಾತನ್ನೇ.