ಯಾವುದೂ ಅಲ್ಲ ಅಂದರೆ

ಹೊಳೆದಂಡೆಯ ಆಶ್ರಮದಲ್ಲಿ ಶಂಭುಲಿಂಗ ಎಂಬ ಶಿಷ್ಯನಿದ್ದ. ಬುದ್ಧಿಯಲ್ಲಿ ಅವನನ್ನು ಮೀರಿಸುವವರು ಏಳು ಹೊಳೆಗಳ ಆಚೆಗೂ ಇರಲಿಲ್ಲ. ಅವನೇ ಹೇಳುತ್ತಿದ್ದ ಮಾತು, ಸುಳ್ಳಿರಲಾರದು.

ಗುರು ಮರುಳಯ್ಯನವರು ಹೇಳಿದ್ದನ್ನೆಲ್ಲ ಕಂಪ್ಯೂಟರಿನಲ್ಲಿ ಪುಸ್ತಕವಾಗಿ ಬರೆದಿಡುವುದು ಅವನ ಕೆಲಸ. ಆಸೆ ಮಾತ್ರ ಬೇರೆ. ಕಷ್ಟ ಹೇಳಿಕೊಂಡು ಬಂದವರಿಗೆ ಗುರುಗಳ ಬದಲು ತಾನೇ ಕಟ್ಟೆಯ ಮೇಲೆ ಕೂತು ಉತ್ತರ ಹೇಳಬೇಕು.

ಒಂದು ಬೆಳಿಗ್ಗೆ ಗುರುಗಳನ್ನು ಕರೆದು ಪರದೆ ತೋರಿಸಿದ.

"ಗೊತ್ತಿಲ್ಲದ ಪದ ಕಂಡರೆ ನಾನು ಬರೆಯುವ ಈ ಎಡಿಟರ್ ಪ್ರೋಗ್ರಾಮು ಕೆಂಪು ಗೆರೆ ಎಳೆಯುತ್ತದೆ, ಗುರುಗಳೇ. ಅದು ಸೂಚಿಸುವ ಪದಗಳನ್ನು ನಾನು ಪಟ್ಟಿ ತೋರಿಸುವ ಹೊರಗಿನ ಇನ್ನೊಂದು ಮೆನು ಪ್ರೋಗ್ರಾಮಿಗೆ ಜೋಡಿಸಿದ್ದೇನೆ. ಕೀ ಒತ್ತಿದರೆ ಪಟ್ಟಿ ಬರುತ್ತದೆ. ಆರಿಸಿದ್ದು ಹಳೆಯ ಪದದ ಜಾಗದಲ್ಲಿ ಕೂರುತ್ತದೆ. ಇದು ಬ್ರಹ್ಮನಿಗೂ ಹೊಳೆದಿರಲಿಲ್ಲ."

"ಬ್ರಹ್ಮನಿಗೆ ಬೇರೆ ಕೆಲಸವಿತ್ತು," ಎಂದರು ಗುರುಗಳು. "ನಿನ್ನೆ ನಾನಿಲ್ಲದಾಗ ಅಂಬಿಗರ ದ್ಯಾವಪ್ಪ ಬಂದಿದ್ದನಂತೆ?"

"ಬಂದಿದ್ದ. ತನ್ನ ತಮ್ಮ ಹೊಳೆಪಾಲಾದ ಮೇಲೆ ಹುಟ್ಟು ಹಿಡಿಯಲು ಕೈ ಬರುತ್ತಿಲ್ಲ ಅಂದ. ತೀರ್ಥಯಾತ್ರೆ, ಜಪ, ಉಪವಾಸ, ಎಲ್ಲ ಮುಂದಿಟ್ಟೆ. ಯಾವುದೂ ಅಲ್ಲ ಅಂದ. ಹಾಗಾದರೆ ಮುಂದಿನವರು ಬರಲಿ ಅಂದೆ."

ಗುರುಗಳು ಪರದೆಯತ್ತ ಬಾಗಿದರು. ಅಲ್ಲಿ ಅವರ ತಾಯಿಯ ಹೆಸರು, ತಿಪ್ಪವ್ವ, ಕೆಂಪು ಗೆರೆಯ ಮೇಲೆ ಕೂತಿತ್ತು.

"ಇದಕ್ಕೆ ಏನನ್ನುತ್ತದೆ ನಿನ್ನ ಪಟ್ಟಿ?"

ಶಂಭುಲಿಂಗ ಕೀ ಒತ್ತಿದ. ಪಟ್ಟಿ ಇಳಿಯಿತು: ತುಪ್ಪ, ತಪ್ಪು, ತಿಪ್ಪೆ.

"ನಮ್ಮವ್ವ ಇದರಲ್ಲಿ ಯಾವುದೂ ಅಲ್ಲವಲ್ಲೋ."

"ಬೇಡವಾದರೆ ಬಿಟ್ಟರಾಯಿತು," ಎಂದು ಏನನ್ನೂ ಆರಿಸದೆ ಪಟ್ಟಿ ಮುಚ್ಚಿದ.

ಹೆಸರೇ ಮಾಯವಾಗಿತ್ತು. ಪಟ್ಟಿಯಿಂದ ಏನೂ ಬಾರದಿದ್ದರೆ, ಆ ಏನೂ ಇಲ್ಲದ್ದನ್ನೇ ತಂದು ಪದದ ಜಾಗದಲ್ಲಿ ಕೂರಿಸುವಂತೆ ಅವನು ಜೋಡಿಸಿಟ್ಟಿದ್ದ.

"ಅವ್ವ ಎಲ್ಲಿ?" ಗುರುಗಳ ದನಿ ಏರಲಿಲ್ಲ.

ಏಳು ಹೊಳೆಗಳ ಬುದ್ಧಿವಂತ ಹಿಂದಿನ ಪುಟಗಳನ್ನು ತಿರುವತೊಡಗಿದ. ಪುಸ್ತಕದುದ್ದಕ್ಕೂ ಹೀಗೆ ಎಷ್ಟು ಮಂದಿ ಎದ್ದುಹೋಗಿದ್ದಾರೋ.

ಊಟಕ್ಕೂ ಏಳದೆ ಜೋಡಣೆ ತಿದ್ದಿದ. ಗುರುಗಳನ್ನು ಮತ್ತೆ ಕರೆದ. ಪಟ್ಟಿ ಬಂತು, ಮುಚ್ಚಿದ. ತಿಪ್ಪವ್ವ ಇದ್ದಲ್ಲೇ ಇದ್ದರು.

"ಈಗ ಯಾವುದೂ ಅಲ್ಲ ಅಂದರೂ ಪದ ಉಳಿಯುತ್ತದೆ, ಗುರುಗಳೇ. ನಾಳೆಯಿಂದ ಕಟ್ಟೆಯ ಮೇಲೆ ಕೂರಲೇ?"

ಗುರುಗಳು ಕಿಟಕಿಯಾಚೆ ನೋಡಿದರು. ಕಟ್ಟಿಹಾಕಿದ ದೋಣಿಯ ಪಕ್ಕದಲ್ಲಿ ದ್ಯಾವಪ್ಪ ನೀರು ನೋಡುತ್ತ ಕೂತಿದ್ದ.

"ಮೊದಲು ಅವನ ಪಕ್ಕ ಹೋಗಿ ಕೂತುಕೋ," ಎಂದರು. "ಪಟ್ಟಿ ಇಲ್ಲೇ ಇರಲಿ."